ಜಾಸ್‌ಗೂ ಕರ್ನಾಟಕ ಸಂಗೀತಕ್ಕೂ ನಡುವಿನ ಬಾಗಿಲು ತಾಳ, ಕಾರ್ಡ್ ಅಲ್ಲ

ನಮಸ್ಕಾರ. ಇವತ್ತಿನ ಮಾತು ಸ್ವಲ್ಪ ಜಗಳದ್ದು.

ಬೆಂಗಳೂರಲ್ಲಿ ಫ್ಯೂಷನ್ ಕಚೇರಿಗೇನೂ ಬರ ಇಲ್ಲ. ಸೂತ್ರ ಮಾತ್ರ ಎಲ್ಲ ಕಡೆ ಒಂದೇ. ಹಂಸಧ್ವನಿಯೋ ಚಾರುಕೇಶಿಯೋ ಒಂದು ರಾಗ, ಕೆಳಗೆ ನಾಲ್ಕು ಕಾರ್ಡು (ಒಟ್ಟಿಗೆ ನುಡಿಸೋ ಸ್ವರಗುಚ್ಛ), ಹಿಂದೆ ಡ್ರಮ್ಸು, ಕೊನೇಲಿ ಎಲ್ಲರೂ ಸೇರಿ ಒಂದು ಮುಕ್ತಾಯ, ಚಪ್ಪಾಳೆ. ಈ ದಾರೀಲಿ ಒಂದು ಸಂಜೆ ಕಳೀಬಹುದು, ಒಂದು ಜೀವಮಾನದ ಸಂಗೀತ ಕಟ್ಟಕ್ಕಾಗಲ್ಲ ಅನ್ನೋದು ನಮ್ಮ ತಕರಾರು. ಜಾಸ್ ಮತ್ತು ಶಾಸ್ತ್ರೀಯ ಸಂಗೀತ ಎರಡನ್ನೂ ಹೊತ್ತು ದೂರ ನಡೆದವರು ಬಹುಪಾಲು ಕಾರ್ಡ್ ಬಿಟ್ಟು, ಒಂದೇ ಶ್ರುತಿಗೆ ಒಪ್ಪಿ, ಲಯದ ಕಡೆಯಿಂದ ಒಳಗೆ ಬಂದವರು. ಅದಕ್ಕೆ ಒಳ್ಳೇ ಸಾಕ್ಷಿ ನಮ್ಮ ಊರಲ್ಲೇ ಇದೆ.

ಚಾರ್ಲಿ ಮರಿಯಾನೊ. 1923ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹುಟ್ಟಿದ ಸ್ಯಾಕ್ಸೋಫೋನ್ ವಾದಕ. ಸ್ಟ್ಯಾನ್ ಕೆಂಟನ್ ಅವರ ದೊಡ್ಡ ಬ್ಯಾಂಡಲ್ಲಿ ನುಡಿಸಿದವರು, 1963ರಲ್ಲಿ ಜಾಸ್ ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ಜೊತೆ ರೆಕಾರ್ಡ್ ಮಾಡಿದವರು, ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಲ್ಲಿ ಪಾಠ ಹೇಳಿದವರು. ಜಾಸ್ ಲೋಕದಲ್ಲಿ ಇಷ್ಟಾದ ಮೇಲೆ ಇನ್ನೇನು ಬೇಕು? ಅವರು ನಲವತ್ತು ದಾಟಿದ ಮೇಲೆ ಮಲೇಷ್ಯಾದಲ್ಲಿ ನಾಗಸ್ವರ ಕೇಳಿದ್ರು, ಆಮೇಲೆ ದಕ್ಷಿಣ ಭಾರತಕ್ಕೆ ಬಂದು ಅದನ್ನ ಶಿಷ್ಯನಾಗಿ ಕೂತು ಕಲಿತ್ರು. ಮೇಷ್ಟ್ರಾಗಿದ್ದವರು ಮತ್ತೆ ಮೊದಲ ಪಾಠದ ಸರಳೆವರಸೆಗೆ ಕೂರೋದು ಸುಮ್ಮನೆ ಮಾತಲ್ಲ.

ಇಲ್ಲಿ ಬೆಂಗಳೂರು ಬರತ್ತೆ. 1964ರಲ್ಲಿ ಶುರುವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಅದನ್ನ ನಡೆಸಿದ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ, ಅವರ ಪತ್ನಿ ಗಾಯಕಿ ಆರ್.ಎ. ರಮಾಮಣಿ. ಈ ತಂಡದ ಜೊತೆ ಮರಿಯಾನೊ ಮಾಡಿದ 'ಜ್ಯೋತಿ' ಧ್ವನಿಮುದ್ರಣ 1983ರದ್ದು, ಇಸಿಎಂ ಅನ್ನೋ ರೆಕಾರ್ಡ್ ಕಂಪನಿಯದ್ದು. ಅದರಲ್ಲಿ ಯಾರ್ಯಾರಿದ್ದಾರೆ ನೋಡಿ. ರಮಾಮಣಿ ಅವರ ಗಾಯನ, ಮಣಿ ಅವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಚಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ ಮತ್ತು ಕೊನ್ನಕೋಲು (ಬಾಯಲ್ಲಿ ಹೇಳೋ ತಾಳದ ಸೊಲ್ಲು), ಜೊತೆಗೆ ತಂಬೂರಿ. ಅದರ ನಡುವೆ ಒಂದೇ ಒಂದು ಜಾಸ್ ಮನುಷ್ಯ. ಪಿಯಾನೊ ಇಲ್ಲ, ಬೇಸ್ ಇಲ್ಲ, ಡ್ರಮ್ ಸೆಟ್ ಇಲ್ಲ. ಗಿಟಾರ್ ವಾದಕ ಜಾನ್ ಮೆಕ್‌ಲಾಗ್ಲಿನ್ ಅವರ ಮೊದಲ ಕಾಲದ 'ಶಕ್ತಿ' ಫ್ಯೂಷನ್ ತಂಡದಲ್ಲೂ ಹೀಗೇ. ಗಿಟಾರು, ಪಿಟೀಲು, ತಬಲ, ಘಟ ಇತ್ತು, ಕೀಬೋರ್ಡ್ ಇರಲಿಲ್ಲ. ಆಕಸ್ಮಿಕ ಅಂತ ನಮಗನ್ನಿಸಲ್ಲ.

ಯಾಕೆ ಅನ್ನೋದನ್ನ ನೀವೇ ಪರೀಕ್ಷೆ ಮಾಡಬಹುದು. ಮೋಹನ ರಾಗ ತಗೊಳ್ಳಿ. ಸ ರಿ ಗ ಪ ದ, ಐದೇ ಸ್ವರ. ಫೋನಿನ ತಂಬೂರಿ ಆ್ಯಪಲ್ಲಿ ಷಡ್ಜ ಇಟ್ಟು ಹಾಡಿ, ಮೋಹನ. ಈಗ ತಂಬೂರಿಯನ್ನ ನಿಮ್ಮ ರಿಷಭಕ್ಕೆ ಬದಲಾಯಿಸಿ ಅದೇ ಐದು ಸ್ವರ ಹಾಡಿ. ಕಿವಿಗೆ ಕೇಳೋದು ಮಧ್ಯಮಾವತಿ. ಗಾಂಧಾರಕ್ಕೆ ಇಡಿ, ಹಿಂದೋಳ. ಪಂಚಮಕ್ಕೆ ಇಟ್ರೆ ಶುದ್ಧ ಸಾವೇರಿ, ಧೈವತಕ್ಕೆ ಇಟ್ರೆ ಶುದ್ಧ ಧನ್ಯಾಸಿ. ವಿದ್ವಾಂಸರು ಗ್ರಹಭೇದ ಅಂತ ಬೇಕು ಅಂತಲೇ, ಎಚ್ಚರದಿಂದ, ಅರೆ ನಿಮಿಷ ಮಾಡಿ ವಾಪಸ್ ಬರೋ ಚಮತ್ಕಾರ ಇದು. ಬೇಸ್ ಗಿಟಾರಿನವರು ಎರಡು ಬಾರಿಗೊಮ್ಮೆ (ಬಾರು ಅಂದ್ರೆ ಇಲ್ಲಿ ನಾಲ್ಕು ಏಟಿನ ಒಂದು ಕಟ್ಟು) ಕಾರ್ಡ್ ಬದಲಾಯಿಸ್ತಾ ಹೋದ್ರೆ ಇದು ತಾನಾಗೇ ನಡೆಯತ್ತೆ, ಯಾರಿಗೂ ಗೊತ್ತಾಗದೆ. ಹಾಡೋರು ಮೋಹನದಲ್ಲಿ ಇರ್ತಾರೆ, ಕೇಳೋರು ನಾಲ್ಕು ಊರು ಸುತ್ತಿರ್ತಾರೆ. ಇನ್ನು ತೋಡಿಯ ಗಾಂಧಾರದಂಥ ಸ್ವರಕ್ಕೆ ಕಾರ್ಡ್ ಹಚ್ಚಕ್ಕೆ ಹೋದ್ರೆ ಕೆಲಸವೇ ಕೆಟ್ಟಿತು. ಆ ಸ್ವರ ಒಂದು ಜಾಗದಲ್ಲಿ ನಿಲ್ಲೋದೇ ಇಲ್ಲ, ಓಲಾಡ್ತಾ ಇರತ್ತೆ. ಕೀಬೋರ್ಡು ಆ ಓಲಾಟದ ಒಂದು ಬಿಂದುವನ್ನ ಮೊಳೆ ಹೊಡೆದ ಹಾಗೆ ಹಿಡಿದು ನಿಲ್ಲಿಸತ್ತೆ. ಕೀಬೋರ್ಡ್ ಮಿತ್ರರು ಬೈಕೊಳ್ಳಬಹುದು, ಬೈಕೊಳ್ಳಲಿ.

ಕಾರ್ಡ್ ಬೇಕೇ ಬೇಕು ಅನ್ನೋರಿಗೆ ಒಂದು ದಾರಿ ಇದೆ. ಬೇಸನ್ನ ಷಡ್ಜ ಪಂಚಮ ಬಿಟ್ಟು ಕದಲಿಸಬೇಡಿ, ಮೇಲಿನ ಸ್ವರಗಳನ್ನ ಮಾತ್ರ ಎರಡೆರಡಾಗಿ ಬದಲಾಯಿಸಿ. ಶಂಕರಾಭರಣ, ಕೀರವಾಣಿಯಂಥ ರಾಗಗಳಲ್ಲಿ ಇದು ಹೇಗೋ ನಡೆಯತ್ತೆ. ಸಹಾನ, ಬೇಗಡೆ ತಂಟೆಗೆ ಹೋಗಬೇಡಿ.

ತಾಳದ ಕಡೆ ಬನ್ನಿ, ಅಲ್ಲಿ ಎರಡು ಮನೆಯೂ ಚೆನ್ನಾಗಿ ಕೂಡ್ಕೊಳ್ಳತ್ತೆ. ಹನ್ನೆರಡು ಬಾರಿನ ಬ್ಲೂಸ್ (ಜಾಸ್‌ನವರು ಸುತ್ತಿ ಸುತ್ತಿ ನುಡಿಸೋ ಹಾಡಿನ ಚೌಕಟ್ಟು) ಅಂದ್ರೆ ಬಾರಿಗೆ ನಾಲ್ಕರಂತೆ 48 ಏಟು. ಆದಿತಾಳದ ಒಂದು ಆವರ್ತನಕ್ಕೆ, ಅಂದ್ರೆ ಒಂದು ಸುತ್ತಿಗೆ, 8 ಅಕ್ಷರ, ಅಂದ್ರೆ 8 ಏಟು. ಆರು ಆವರ್ತನಕ್ಕೆ ಒಂದು ಬ್ಲೂಸ್ ಮುಗೀತು. ಅಷ್ಟೇ ಅಲ್ಲ, ಬ್ಲೂಸಲ್ಲಿ ಐದನೇ ಬಾರಿಗೆ ಮತ್ತು ಒಂಬತ್ತನೇ ಬಾರಿಗೆ ಹೊಸ ಸಾಲು ಶುರುವಾಗತ್ತಲ್ಲ, ಅದು ಸರಿಯಾಗಿ ಮೂರನೇ ಮತ್ತು ಐದನೇ ಆವರ್ತನದ ಸಮಕ್ಕೆ, ಅಂದ್ರೆ ಮೊದಲ ಏಟಿಗೆ, ಬೀಳತ್ತೆ. 32 ಬಾರಿನ ಹಾಡಾದ್ರೆ ಹದಿನಾರು ಆವರ್ತನ. ಜಾಸ್‌ನವರು ಡ್ರಮ್ಮರ್ ಜೊತೆ ನಾಲ್ಕು ನಾಲ್ಕು ಬಾರು ಹಂಚಿಕೊಂಡು ನುಡಿಸ್ತಾರಲ್ಲ, ತಾಳವಾದ್ಯದವರೇ ನುಡಿಸೋ ತನಿ ಆವರ್ತನದಲ್ಲಿ ಮೃದಂಗ ಘಟ ಎರಡೆರಡು ಆವರ್ತನ ಹಂಚ್ಕೊಳ್ಳೋದೂ ಅಷ್ಟೇ ಉದ್ದ. ನಮ್ಮಲ್ಲಿ ಅದನ್ನ ಒಂದಕ್ಕೆ, ಅರ್ಧಕ್ಕೆ, ಕಾಲಿಗೆ ಇಳಿಸ್ತಾ ಹೋಗ್ತಾರೆ, ಅಷ್ಟೇ ವ್ಯತ್ಯಾಸ.

ಹಾಗಂತ ಎಲ್ಲ ಸಲೀಸು ಅಂತಲ್ಲ. ಸ್ವಿಂಗ್, ಅಂದ್ರೆ ಏಟನ್ನ ಸಮಪಾಲು ಮಾಡದೆ ಉದ್ದ-ಗಿಡ್ಡವಾಗಿ ತೂಗಿಸೋ ಜಾಸ್ ನಡಿಗೆ, ಅನ್ನೋ ಜಾಗದಲ್ಲಿ ಎಡವ್ತಾರೆ. ಮೃದಂಗ ಚತುರಶ್ರ ನಡೆಯಲ್ಲಿ ಅಕ್ಷರವನ್ನ ನಾಲ್ಕು ಮಾತ್ರೆ, ಅಂದ್ರೆ ನಾಲ್ಕು ಸಮಪಾಲು, ಮಾಡತ್ತೆ. ಅಂದ್ರೆ ಮೂರನೇ ಮಾತ್ರೆ ಅಕ್ಷರದ ನಟ್ಟನಡುವೆ ಬೀಳತ್ತೆ. ಸ್ವಿಂಗ್ ಹೊಡೆಯೋ ಡ್ರಮ್ಮರಿನ ಎರಡನೇ ಸದ್ದು ಸುಮಾರಾಗಿ ಮೂರರಲ್ಲಿ ಎರಡು ಭಾಗ ಕಳೆದ ಮೇಲೆ ಬೀಳತ್ತೆ. ನಿಮಿಷಕ್ಕೆ 120ರ ವೇಗದಲ್ಲಿ ಒಂದು ಅಕ್ಷರ ಅರ್ಧ ಸೆಕೆಂಡು, ಇಬ್ಬರ ನಡುವಿನ ಅಂತರ ಅದರ ಆರನೇ ಒಂದು ಭಾಗ, ಹತ್ತಿರ ಹತ್ತಿರ 83 ಮಿಲಿಸೆಕೆಂಡು. ಸಭೆಯಲ್ಲಿ ಕೂತೋರಿಗೆ ಅದು ಎರಡು ಏಟಾಗಿ, ತಟಕ್ ತಟಕ್ ಅಂತ ಚೆನ್ನಾಗಿಯೇ ಕೇಳತ್ತೆ. ಸೌಂಡ್ ಎಂಜಿನಿಯರನ್ನ ಬೈದು ಪ್ರಯೋಜನ ಇಲ್ಲ. ಮೃದಂಗ ತಿಶ್ರ ನಡೆಗೆ ಬಂದು ಅಕ್ಷರಕ್ಕೆ ಮೂರು ಮಾಡಬೇಕು, ಆಗ ತಕಿಟದ 'ಟ'ಗೆ ಸ್ವಿಂಗ್ ಸರಿಯಾಗಿ ಕೂರತ್ತೆ. ಇಲ್ಲ ಅಂದ್ರೆ ಡ್ರಮ್ಮರ್ ಸ್ವಿಂಗ್ ಬಿಡಬೇಕು. ಇಬ್ಬರೂ ಹಟ ಹಿಡಿದ್ರೆ ತೀರಾ ದ್ರುತಕಾಲದಲ್ಲಿ ಮಾತ್ರ ಬಚಾವು, ಅಲ್ಲಿ ಸ್ವಿಂಗ್ ತಾನಾಗೇ ಸಮ ಆಗ್ತಾ ಬರತ್ತೆ.

ಈಗ ಒಂದು ಮುಕ್ತಾಯ, ಅಂದ್ರೆ ಒಂದೇ ಸೊಲ್ಲನ್ನ ಮೂರು ಸಲ ಹೇಳಿ ಸಮಕ್ಕೆ ಬಂದು ಮುಗಿಸೋದು. ಕೈಯಲ್ಲಿ ಆದಿತಾಳ ಹಾಕಿ, ನಿಮಿಷಕ್ಕೆ 60. ಅಕ್ಷರಕ್ಕೆ ನಾಲ್ಕು ಮಾತ್ರೆ, ಆವರ್ತನಕ್ಕೆ 32. ಬ್ಲೂಸಿನ ಹನ್ನೊಂದನೇ ಬಾರಿನಿಂದ ಕೊನೇವರೆಗೆ ಸರಿಯಾಗಿ ಇಷ್ಟೇ ಜಾಗ ಇದೆ. 'ತದಿಗಿಣತೊಂ ತದಿಗಿಣತೊಂ', ಐದು ಐದು ಹತ್ತು. ಒಂದು ಮಾತ್ರೆ ಕಾರ್ವೆ, ಅಂದ್ರೆ ಸುಮ್ಮನೆ ಬಿಡೋ ಜಾಗ. ಮತ್ತೆ ಹತ್ತು, ಮತ್ತೆ ಒಂದು ಕಾರ್ವೆ, ಮತ್ತೆ ಹತ್ತು. 32 ತುಂಬಿತು, ಮುಂದಿನ ಸಮಕ್ಕೆ ಎಡುಪು, ಅಂದ್ರೆ ಹಾಡು ಎತ್ಕೊಳ್ಳೋ ಜಾಗ. ಮೋಹನದಲ್ಲಿ ಸ್ವರ ಹಾಕೋದಾದ್ರೆ 'ಗಪದಪಗ ರಿಗಪಗರಿ', ಮೂರನೇದು ಮುಗಿದಾಗ 'ಸ'. ಹೊಸಬರು ಬಹಳ ಸಲ ಕಾರ್ವೆ ನುಂಗ್ತಾರೆ. ಎರಡು ಕಾರ್ವೆ ನುಂಗಿದ್ರೆ ಎರಡು ಮಾತ್ರೆ, ಅಂದ್ರೆ ಅರ್ಧ ಅಕ್ಷರ ಮುಂಚೆ ಬಂದು ನಿಂತಿರ್ತಾರೆ. ನಿಂತ ಮೇಲೆ ಕೈಯನ್ನ ಸದ್ದಿಲ್ಲದೆ ಮುಂದಕ್ಕೆ ತಳ್ಳಿ ಸಮ ತಂದುಬಿಡ್ತಾರೆ! ಬಾಯಿ ತಪ್ಪಿದ್ರೆ ತಿದ್ದಬಹುದು. ಕೈ ಸುಳ್ಳು ಹೇಳಕ್ಕೆ ಕಲಿತ್ರೆ ವರ್ಷಗಟ್ಟಲೆ ಕಾಡತ್ತೆ.

ನಡೆ ಬದಲಾಯಿಸುವಾಗಲೂ ಇದೇ ಕಾಯಿಲೆ. ತಕಧಿಮಿಯಿಂದ ತಕಿಟಕ್ಕೆ ಇಳಿದಾಗ ಅಕ್ಷರ ಅಷ್ಟೇ ಇರಬೇಕು, ಒಳಗಿನ ಮಾತ್ರೆ ನಿಧಾನ ಆಗಬೇಕು. ಕಲಿಯೋರು ಮಾತ್ರೆಯ ವೇಗ ಹಾಗೇ ಇಟ್ಟು ಕೈಯನ್ನ ಓಡಿಸ್ತಾರೆ. ಪರಿಹಾರ ಏನಂದ್ರೆ, ಮೆಟ್ರೊನೋಮನ್ನ 60ಕ್ಕೆ ಬದಲು 30ಕ್ಕೆ ಇಡಿ, ಎರಡು ಅಕ್ಷರಕ್ಕೊಂದು ಟಿಕ್. ಮಧ್ಯದ ಏಟನ್ನ ಅವರೇ ಹುಡುಕ್ಕೋಬೇಕು.

ಮರಿಯಾನೊ ಅಲ್ಲಿಂದ ಇಲ್ಲಿಗೆ ಬಂದ್ರೆ, ಸ್ಯಾಕ್ಸೋಫೋನಲ್ಲಿ ಕರ್ನಾಟಕ ಸಂಗೀತ ನುಡಿಸಿದ ಕದ್ರಿ ಗೋಪಾಲನಾಥ್ ಇಲ್ಲಿಂದ ಅಲ್ಲಿಗೆ ಹೋದವರು. ನಾಗಸ್ವರದ ಮನೆತನ, ಗೋಪಾಲಕೃಷ್ಣ ಅಯ್ಯರ್ ಮತ್ತು ಟಿ.ವಿ. ಗೋಪಾಲಕೃಷ್ಣನ್ ಅವರ ಪಾಠ, 1980ರಲ್ಲಿ ಮುಂಬೈ ಜಾಸ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಜೊತೆ ವೇದಿಕೆ, 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವ. ಅವರು ಜಾಸ್ ವಾದಕರ ಪಕ್ಕ ನಿಂತಾಗಲೂ ಜಾಸ್ ನುಡಿಸಕ್ಕೆ ಹೋಗಲಿಲ್ಲ, ತಮ್ಮ ರಾಗ ತಮ್ಮ ತಾಳದಲ್ಲೇ ಇದ್ರು. ನಮಗೆ ಅದೇ ಇಷ್ಟ.

ಸ್ಯಾಕ್ಸೋಫೋನ್ ಹಿಡಿದಿರೋ ಹುಡುಗರಿಗೆ ಎರಡು ಮಾತು. ನಾಗಸ್ವರಕ್ಕೆ ತೆರೆದ ರಂಧ್ರ ಇದೆ, ಬೆರಳು ಅರ್ಧ ಸರಿಸಿದ್ರೆ ಗಮಕ, ಅಂದ್ರೆ ಸ್ವರದ ಓಲಾಟ. ಸ್ಯಾಕ್ಸಿಗೆ ಪ್ಯಾಡು, ಬೆರಳು ನೇರವಾಗಿ ರಂಧ್ರವನ್ನ ಮುಟ್ಟೋದೇ ಇಲ್ಲ. ಹಾಗಾಗಿ ಕೆಲಸದ ದೊಡ್ಡ ಪಾಲು ತುಟಿ, ದವಡೆ, ಗಂಟಲಿಂದು. ದವಡೆ ಸಡಿಲಿಸಿದ್ರೆ ಸ್ವರ ಸುಲಭವಾಗಿ ಕೆಳಗಿಳಿಯತ್ತೆ, ಬಿಗಿ ಹಿಡಿದು ಮೇಲೇರಿಸಕ್ಕೆ ಹೋದ್ರೆ ರೀಡ್ ಮುಚ್ಚಿಕೊಂಡು ನಾದ ಕೀರಲಾಗತ್ತೆ. ಆದ್ದರಿಂದ ಸ್ವರ ಅಲುಗಿಸೋ ಕಂಪಿತ ಗಮಕಕ್ಕೆ ಮೇಲಿನ ಸ್ವರದ ಬೆರಳು ಹಿಡಿದು ಕೆಳಗಿಳಿಸಿ, ಉಲ್ಟಾ ಬೇಡ. ಕೆಳಸ್ಥಾಯಿಯಲ್ಲಿ ಇದು ಕಡಿಮೆ ಬಗ್ಗತ್ತೆ, ಅಲ್ಲಿ ನಿರಾಸೆ ಆಗೋದು ಸಹಜ.

ಶ್ರುತಿ ಇನ್ನೊಂದು. ಆಲ್ಟೊ ಸ್ಯಾಕ್ಸಲ್ಲಿ 'ಸಿ' ಬೆರಳಿಗೆ ಷಡ್ಜ ಇಟ್ರೆ ಬರೋದು ಎರಡೂವರೆ ಶ್ರುತಿ, ಅಂದ್ರೆ ಪಿಯಾನೊದ 'ಡಿ ಶಾರ್ಪ್'. ಐದು ಶ್ರುತಿಯ (ಪಿಯಾನೊದ 'ಜಿ') ಗಾಯಕಿ ಜೊತೆ ನುಡಿಸೋದಾದ್ರೆ ಷಡ್ಜ 'ಇ' ಬೆರಳಿಗೆ ಹೋಗತ್ತೆ. ಆಗ ಮಾಯಾಮಾಳವಗೌಳದ ಗಾಂಧಾರ ಎಡಗೈ ಕಿರುಬೆರಳಿಗೆ, ನಿಷಾದ ಬಲಗೈ ಕಿರುಬೆರಳಿಗೆ ಬರತ್ತೆ, ಎರಡೂ ದುರ್ಬಲ ಬೆರಳು. ಅದಕ್ಕೇ ಮನೇಲಿ ಸಲೀಸಾಗಿ ನುಡಿಸಿದ ವರಸೆ ವೇದಿಕೇಲಿ ಕೈಕೊಡೋದು. ಸೊಪ್ರಾನೊ ಸ್ಯಾಕ್ಸಲ್ಲಿ ಅದೇ ಶ್ರುತಿ 'ಎ' ಮೇಲೆ ಕೂರತ್ತೆ, ಗಾಂಧಾರಕ್ಕೆ ಕಿರುಬೆರಳೇ ಬೇಡ. ಕಚೇರಿಗೆ ಒಂದು ತಿಂಗಳ ಮುಂಚೆಯಾದ್ರೂ ಗಾಯಕರ ಶ್ರುತಿ ಕೇಳಿಟ್ಕೊಳ್ಳಿ.

ಕೊನೇದಾಗಿ ಕಲಿಸೋರ ವಿಷಯ. ಜಯನಗರದ ತಾಯ್ತಂದೆಯರು ಮೊದಲು ಕೇಳೋದು, "ಇದಕ್ಕೆ ಪರೀಕ್ಷೆ ಇದ್ಯಾ ಸಾರ್?" ಜೂನಿಯರ್, ಸೀನಿಯರ್, ವಿದ್ವತ್ ಒಂದು ಕಡೆ, ಪಾಶ್ಚಾತ್ಯ ಸಂಗೀತದ ಟ್ರಿನಿಟಿ ಗ್ರೇಡುಗಳು ಇನ್ನೊಂದು ಕಡೆ. ಎರಡನ್ನೂ ಸೇರಿಸಿ ಅಳೆಯೋ ಪರೀಕ್ಷೆ ಯಾವುದೂ ಇಲ್ಲ, ಹಾಗಾಗಿ ಮೇಷ್ಟ್ರೇ ಅಳತೆಗೋಲು ಮಾಡ್ಕೋಬೇಕು. ನಮ್ಮ ಸಲಹೆ ಕೇಳೋದಾದ್ರೆ ಮೊದಲ ಆರು ತಿಂಗಳು ವಾದ್ಯದ ಪಾಠದ ಅರ್ಧ ಹೊತ್ತು ಕೊನ್ನಕೋಲಿಗೆ ಕೊಡಿ, ಐದೂ ನಡೆ ಬಾಯಲ್ಲಿ ಬರಲಿ. ಆಮೇಲೆ ವಾರಕ್ಕೊಂದು ಬ್ಲೂಸ್, ಬಾಯಲ್ಲೇ, ಆರು ಆವರ್ತನ, ಕೊನೆಗೆ ಆ 32ರ ಮುಕ್ತಾಯ, ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸೋಕೆ ಹೇಳಿ. ಫೋನನ್ನ ಮುಖದ ಹತ್ತಿರ ಅಲ್ಲ, ತಾಳ ಬೀಳೋ ತೊಡೆಯ ಹತ್ತಿರ ಇಟ್ಟಿರಬೇಕು.