ಸತ್ತವರಿಗೆ ಒಂದು ಎಲೆ ಹಾಕಿ

ಕೇಳುಗರೆಲ್ಲರಿಗೂ ನಮಸ್ಕಾರ.

ಅಕ್ಟೋಬರ್ 31 ಹತ್ತಿರ ಬಂತು ಅಂದರೆ ಬೆಂಗಳೂರಿನ ಮಾಲುಗಳಲ್ಲಿ ಪ್ಲಾಸ್ಟಿಕ್ ಅಸ್ಥಿಪಂಜರಗಳು ನೇತಾಡಲು ಶುರುವಾಗುತ್ತವೆ. ಅಪಾರ್ಟ್‌ಮೆಂಟಿನ ಮಕ್ಕಳು ಮುಖಕ್ಕೆ ಕೆಂಪು ಬಣ್ಣ ಬಳಿದುಕೊಂಡು ಮನೆ ಮನೆಯ ಬೆಲ್ ಒತ್ತುತ್ತಾರೆ. ಒಳಗಿನಿಂದ ಅಜ್ಜಿ, 'ಇದೆಂಥ ದೆವ್ವದ ಹಬ್ಬಾನಪ್ಪ' ಅಂತ ಗೊಣಗುತ್ತಾರೆ. ಆ ಅಜ್ಜಿಯೂ ಈಗ ರೇಡಿಯೋ ಮುಂದೆ ಕೂತಿರಬಹುದು. ಅಮ್ಮಾ, ನಾನು ಜಾನಪದ ಪಾಠ ಹೇಳುವವನು. ಹ್ಯಾಲೋವೀನ್ ಬಗ್ಗೆ ನನ್ನ ಹತ್ತಿರ ಇರುವುದು ಒಂದೇ ಮಾತು. ಇದು ಹೆದರಿಸುವ ಹಬ್ಬ ಅಲ್ಲ, ಉಣಿಸುವ ಹಬ್ಬ. ನೀವು ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೀರಲ್ಲ, ಅದರ ದೂರದ ನೆಂಟ.

ಹಬ್ಬದ ತವರು ಐರ್ಲೆಂಡ್. ಅಲ್ಲಿನ ಹಳೇ ಕಾಲದ ರೈತರಿಗೆ ನವೆಂಬರ್ 1 ಅಂದರೆ ಚಳಿಗಾಲದ ಮೊದಲ ದಿನ. ಹಿಂದಿನ ಸಂಜೆ ಹೊತ್ತು ಮುಳುಗಿದ ಕೂಡಲೇ ಹಬ್ಬ. ಹೆಸರು ಸೌವಿನ್. ಸುಗ್ಗಿ ಮುಗಿದಿದೆ, ಮೇಯಲು ಬಿಟ್ಟ ದನಗಳು ಕೊಟ್ಟಿಗೆಗೆ ಬಂದಿವೆ. ಆ ರಾತ್ರಿ ಸತ್ತವರು ಮನೆ ಕಡೆ ಬರುತ್ತಾರೆ ಅನ್ನುವ ನಂಬಿಕೆ. ಬಂದವರಿಗೆ ಏನು ಮಾಡುತ್ತಿದ್ದರು? ಓಡಿಸುತ್ತಿರಲಿಲ್ಲ. ಬಾಗಿಲ ಅಗುಳಿ ತೆಗೆದಿಡುತ್ತಿದ್ದರು. ಒಲೆಯ ಬೆಂಕಿ ಆರದ ಹಾಗೆ ನೋಡಿಕೊಂಡು, ಅದರ ಪಕ್ಕ ಕೂರಲು ಜಾಗ ಮಾಡಿ, ತಿನ್ನಲು ಏನಾದರೂ ಇಟ್ಟು ಮಲಗುತ್ತಿದ್ದರು. ಚಳಿಯಲ್ಲಿ ಬಂದಿದ್ದಾರೆ ಪಾಪ, ಅಲ್ವಾ?

ಮುಂದೆ ಕ್ರೈಸ್ತ ಧರ್ಮ ಬಂತು. ನವೆಂಬರ್ 1 ಎಲ್ಲ ಸಂತರ ದಿನವಾಯಿತು, 2 ಎಲ್ಲ ಆತ್ಮಗಳ ದಿನವಾಯಿತು. ಊಟ ಮಾತ್ರ ನಿಲ್ಲಲಿಲ್ಲ. ಇಂಗ್ಲೆಂಡಿನಲ್ಲಿ ಬಡವರು, ಮಕ್ಕಳು ಮನೆ ಮನೆಗೆ ಹೋಗುತ್ತಿದ್ದರು. ಮನೆಯವರು 'ಆತ್ಮದ ಕೇಕು' ಅಂತ ಮಸಾಲೆ ಹಾಕಿದ ಸಣ್ಣ ಬಿಲ್ಲೆ ಕೊಡುತ್ತಿದ್ದರು. ತಿಂದವರು ಆ ಮನೆಯಲ್ಲಿ ತೀರಿಕೊಂಡವರಿಗಾಗಿ ಪ್ರಾರ್ಥನೆ ಮಾಡಬೇಕು. ಇವತ್ತು ಬೆಲ್ ಒತ್ತಿ ಚಾಕೊಲೇಟ್ ಕೇಳುವ ನಿಮ್ಮ ಪಕ್ಕದ ಮನೆ ಹುಡುಗನ ಹಿಂದೆ ಇಷ್ಟೆಲ್ಲ ಇದೆ.

ಇನ್ನು ಹ್ಯಾಲೋವೀನಿಗೆ ಕುಂಬಳಕಾಯಿಯಲ್ಲಿ ಮುಖ ಕೊರೆದು ಒಳಗೆ ದೀಪ ಇಡುತ್ತಾರಲ್ಲ, ಆ ಲಾಂದ್ರದ ಕತೆ. ಇದನ್ನು ಹೇಳದೆ ನಾನು ಇಲ್ಲಿಂದ ಏಳುವವನಲ್ಲ.

ಜಾಕ್ ಅಂತ ಒಬ್ಬ ಇದ್ದ. ಕುಡುಕ, ಅದರ ಮೇಲೆ ಮಹಾ ಜಿಪುಣ. ಎಂಜಲು ಕೈಯಲ್ಲಿ ಕಾಗೆ ಓಡಿಸಿದವನಲ್ಲ. ಒಂದು ಸಂಜೆ ಹೆಂಡದಂಗಡಿಯಲ್ಲಿ ಸೈತಾನ ಬಂದು ಎದುರಿಗೆ ನಿಂತ. 'ನಡಿಯಪ್ಪ, ನಿನ್ನ ಲೆಕ್ಕ ಮುಗಿಯಿತು' ಅಂದ. ಜಾಕ್ ಬೆಚ್ಚಲಿಲ್ಲ. 'ಬರ್ತೀನಿ ಮಾರಾಯ, ಕೊನೇದಾಗಿ ಒಂದು ಲೋಟ ಕುಡಿಯೋಣ, ಕೂತ್ಕೋ' ಅಂದ. ಇಬ್ಬರೂ ಕುಡಿದರು. ದುಡ್ಡು ಕೊಡುವ ಹೊತ್ತಿಗೆ ಜಾಕ್ ಜೇಬು ತಡಕಾಡಿದ. 'ಅಯ್ಯೋ, ಕಾಸೇ ಇಲ್ಲವಲ್ಲ! ನಿನಗೆ ಯಾವ ರೂಪ ಬೇಕಾದರೂ ಬರುತ್ತೆ. ಒಂದು ಗಳಿಗೆ ಬೆಳ್ಳಿ ನಾಣ್ಯ ಆಗಿಬಿಡು. ಅಂಗಡಿಯವನ ಕೈಗೆ ಹಾಕಿ ಹೊರಟುಬಿಡೋಣ' ಅಂದ. ಮೋಸ ಅಂದರೆ ಸೈತಾನನಿಗೂ ಪ್ರೀತಿ. ನಾಣ್ಯವಾದ. ಜಾಕ್ ಅದನ್ನು ಅಂಗಡಿಯವನಿಗೆ ಎಲ್ಲಿ ಕೊಟ್ಟಾನು? ಸೀದಾ ತನ್ನ ಜೇಬಿಗೆ ಇಳಿಸಿದ. ಜೇಬಿನಲ್ಲಿ ಒಂದು ಪುಟ್ಟ ಶಿಲುಬೆ ಇತ್ತು. ಅದರ ಪಕ್ಕ ಬಿದ್ದ ಮೇಲೆ ಸೈತಾನನಿಗೆ ಮಿಸುಕಾಡಲೂ ಆಗಲಿಲ್ಲ. ಹತ್ತು ವರ್ಷ ನಿನ್ನ ತಂಟೆಗೆ ಬರಲ್ಲ ಅಂತ ಮಾತು ಕೊಟ್ಟ ಮೇಲೇ ಬಿಡುಗಡೆ.

ಹತ್ತು ವರ್ಷ ಕಳೆಯಿತು, ಸೈತಾನ ಮತ್ತೆ ಬಂದ. 'ದಾರಿಗೆ ಒಂದು ಸೇಬು ಕಿತ್ತುಕೊಡು' ಅಂದ ಜಾಕ್. ಸೈತಾನ ಮರ ಹತ್ತಿದ. ಇವನು ಚಾಕು ತೆಗೆದು ಕಾಂಡದ ಮೇಲೆ ಶಿಲುಬೆ ಕೊರೆದ. ಮೇಲಿದ್ದವನು ಮೇಲೇ! ಈ ಸಲದ ಕರಾರು ಇನ್ನೂ ಜಾಸ್ತಿ. ಜಾಕ್‌ನನ್ನು ನರಕಕ್ಕೆ ಎಂದೆಂದಿಗೂ ಸೇರಿಸಿಕೊಳ್ಳುವ ಹಾಗಿಲ್ಲ. ಬೇರೆ ದಾರಿ ಇಲ್ಲದೆ ಸೈತಾನ ಒಪ್ಪಿದ.

ಕೊನೆಗೆ ಜಾಕ್ ಸತ್ತ. ಸ್ವರ್ಗದ ಬಾಗಿಲು ತಟ್ಟಿದ. 'ಜನ್ಮದಲ್ಲಿ ಯಾರಿಗೂ ಒಂದು ತುತ್ತು ಕೊಟ್ಟವನಲ್ಲ ನೀನು, ನಡಿ' ಅಂದರು. ನರಕದ ಬಾಗಿಲಿಗೆ ಹೋದ. 'ಮಾತು ಅಂದರೆ ಮಾತು' ಅಂದ ಸೈತಾನ. ಕತ್ತಲಲ್ಲಿ ಎಲ್ಲಿಗೆ ಹೋಗಲಿ ಅಂತ ಜಾಕ್ ಗೋಗರೆದಾಗ ಒಂದು ಕೆಂಡ ಎಸೆದ, ಅಷ್ಟೇ. ಜಾಕ್ ಆಗ ಟರ್ನಿಪ್ ಗೆಡ್ಡೆ ಮೆಲ್ಲುತ್ತಿದ್ದನಂತೆ. ಅದನ್ನೇ ಟೊಳ್ಳು ಮಾಡಿ ಕೆಂಡ ಇಟ್ಟುಕೊಂಡು ಹೊರಟ. ಇನ್ನೂ ಅಲೆಯುತ್ತಲೇ ಇದ್ದಾನೆ.

ಕೇಳಿದಿರಲ್ಲ, ಗೆಡ್ಡೆ! ಕುಂಬಳಕಾಯಿ ಅಲ್ಲ. ಐರ್ಲೆಂಡಿನ ಕ್ಯಾಸಲ್‌ಬಾರ್ ಊರಿನ ಹತ್ತಿರ ಹಳ್ಳಿ ಬದುಕಿನ ಮ್ಯೂಸಿಯಂ ಇದೆ. ಡೊನೆಗಾಲ್ ಕಡೆಯ ಹಳೇ ಟರ್ನಿಪ್ ಲಾಂದ್ರದ ಪ್ಲಾಸ್ಟರ್ ಪಡಿಯಚ್ಚು ಅಲ್ಲಿದೆ. ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಸುಕ್ಕುಗಟ್ಟಿದ ಮುಖ, ಆಳಕ್ಕೆ ಇಳಿದ ಕಣ್ಣು, ಮುರುಕು ಹಲ್ಲು. ಮಾಲಿನಲ್ಲಿ ನಗುವ ಕಿತ್ತಳೆ ಬಣ್ಣದ ಕುಂಬಳ ಇದರ ಮುಂದೆ ಏನೂ ಅಲ್ಲ. 1845ರಿಂದ ಐರ್ಲೆಂಡಿನಲ್ಲಿ ಆಲೂಗೆಡ್ಡೆ ಬೆಳೆ ಕೊಳೆತು ಭೀಕರ ಕ್ಷಾಮ ಬಂತು. ಲಕ್ಷಾಂತರ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಹಬ್ಬವನ್ನೂ ಜೊತೆಗೇ ಒಯ್ದರು. ಅಲ್ಲಿ ಸಿಹಿಗುಂಬಳ ಬೇಕಾದಷ್ಟು ಸಿಗುತ್ತಿತ್ತು, ಕೊರೆಯಲೂ ಸುಲಭ. ಗೆಡ್ಡೆಯ ಕತೆ ಮುಗಿಯಿತು.

ಅಯ್ಯೋ, ಜಾಕ್ ಅರ್ಧ ಸಮಯ ತಿಂದುಬಿಟ್ಟ! ಮೆಕ್ಸಿಕೊ ಬಗ್ಗೆ ಹೇಳಲೇಬೇಕು.

ಅಲ್ಲಿ ನವೆಂಬರ್ 1 ಮತ್ತು 2 ಸತ್ತವರ ದಿನ. ಮೊದಲ ದಿನ ತೀರಿಕೊಂಡ ಮಕ್ಕಳಿಗೆ, ಮರುದಿನ ದೊಡ್ಡವರಿಗೆ. ಮನೆಯಲ್ಲಿ ಮೇಜು ಹಾಸಿ, ಹೋದವರ ಫೋಟೊ ಇಟ್ಟು, ಅವರಿಗೆ ಇಷ್ಟವಾದ ಅಡುಗೆ ಬಡಿಸುತ್ತಾರೆ. ದೂರದಿಂದ ಬಂದವರಿಗೆ ದಾಹ ಆಗಿರುತ್ತದೆ ಅಂತ ಒಂದು ಲೋಟ ನೀರು. ಪಕ್ಕದಲ್ಲಿ ಉಪ್ಪು, ಮೇಣದ ಬತ್ತಿ, ಧೂಪ. ಕುಡಿಯುತ್ತಿದ್ದವರಿಗೆ ಮದ್ಯ, ಸೇದುತ್ತಿದ್ದವರಿಗೆ ಸಿಗರೇಟು. ದಾರಿ ತಪ್ಪದಿರಲಿ ಅಂತ ಬೀದಿಯಿಂದ ಮೇಜಿನ ತನಕ ಹೂವಿನ ಎಸಳು ಚೆಲ್ಲುತ್ತಾರೆ. ಯಾವ ಹೂವು ಗೊತ್ತಾ? ನಮ್ಮ ಚೆಂಡು ಹೂವು! ಅದರ ತವರೇ ಮೆಕ್ಸಿಕೊ. ಆಯುಧಪೂಜೆಗೆ ನೀವು ಬೈಕಿಗೆ ಸುತ್ತುವ ಹಾರ ಅಲ್ಲಿಂದ ಬಂದ ಗಿಡದ್ದು.

ಮಂಡ್ಯ, ಮೈಸೂರು ಕಡೆಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ತಾತನ ಹೆಸರಿಗೆ ಹೊಸ ಪಂಚೆ, ಬಾಡೂಟ, ಇಷ್ಟ ಇದ್ದರೆ ಬೀಡಿ ಕಟ್ಟು, ಬಾಟ್ಲಿ, ಎಲ್ಲ ಎಡೆಗೆ ಬರುತ್ತದೆ. ಎಡೆ ಇಟ್ಟು ಬಾಗಿಲು ಮುಚ್ಚಿ, ಹಿರಿಯರು ಉಣ್ಣಲಿ ಅಂತ ಸ್ವಲ್ಪ ಹೊತ್ತು ಹೊರಗೆ ಕಾಯುತ್ತೀರಿ. ಅಂಥ ನೀವೇ ಹ್ಯಾಲೋವೀನ್ ನೋಡಿ ಮೂಗು ಮುರಿದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಇನ್ನೊಂದು. ಟೀವಿಯಲ್ಲಿ ಮೆಕ್ಸಿಕೊ ನಗರದ ಭಾರೀ ಅಸ್ಥಿಪಂಜರ ಮೆರವಣಿಗೆ ತೋರಿಸಿ ಪುರಾತನ ಪದ್ಧತಿ ಅನ್ನುತ್ತಾರೆ. ಸುಮ್ನೆ ಮಾತು. 2015ರ ಒಂದು ಜೇಮ್ಸ್ ಬಾಂಡ್ ಸಿನಿಮಾಕ್ಕಾಗಿ ಅಂಥ ಮೆರವಣಿಗೆ ಕಟ್ಟಿದರು. ಜನ ಅದನ್ನೇ ಹುಡುಕಿಕೊಂಡು ಬಂದಾರು ಅಂತ ನಗರದವರು 2016ರಲ್ಲಿ ನಿಜವಾಗಿಯೇ ಶುರು ಮಾಡಿದರು. ಹಳೆಯದು ಬೇಕಿದ್ದರೆ ಮನೆಯೊಳಗಿನ ಆ ಮೇಜು ನೋಡಿ.

ಉಳಿದದ್ದನ್ನು ಓಡಿಸುತ್ತೇನೆ. ಇಟಲಿಯ ಸಿಸಿಲಿಯಲ್ಲಿ ನವೆಂಬರ್ 1ರ ರಾತ್ರಿ, ತೀರಿಹೋದ ಅಜ್ಜ ಅಜ್ಜಿಯರು ಮಕ್ಕಳಿಗೆ ಆಟಿಕೆ, ಮಿಠಾಯಿ ತಂದಿಡುತ್ತಾರೆ. ಫಿಲಿಪೈನ್ಸ್‌ನಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಸಮಾಧಿಗಳ ಹತ್ತಿರವೇ ರಾತ್ರಿ ಕಳೆಯುತ್ತಾರೆ. ಗ್ವಾಟೆಮಾಲಾದ ಸುಂಪಾಂಗೊದಲ್ಲಿ ಮನೆಗಿಂತ ಎತ್ತರದ ಬಣ್ಣದ ಗಾಳಿಪಟ ನಿಲ್ಲಿಸುತ್ತಾರೆ. ಊಟಕ್ಕೆ ಫಿಯಾಂಬ್ರೆ ಅಂತ ಹತ್ತಾರು ಬಗೆಯ ತರಕಾರಿ, ಮಾಂಸ ಸೇರಿಸಿದ ತಣ್ಣನೆ ತಿನಿಸು. ಎಲ್ಲಿ ಹೋದರೂ ಊಟ! ಮತ್ತೆ ಹೇಳುತ್ತೇನೆ, ಇದು ಉಣಿಸುವ ಹಬ್ಬ.

ಸ್ಕಾಟ್ಲೆಂಡಿನದೊಂದು ಪದ್ಧತಿ ನನಗೆ ಬಹಳ ಇಷ್ಟ. ಅಲ್ಲಿ ಮಕ್ಕಳು ವೇಷ ಹಾಕಿ ಬಂದರೆ ಸುಮ್ಮನೆ ಕೈ ಚಾಚುವ ಹಾಗಿಲ್ಲ. ಒಂದು ಹಾಡೋ, ಪದ್ಯವೋ, ನಗೆಹನಿಯೋ ಹೇಳಬೇಕು. ಆಮೇಲೆ ಹಣ್ಣು, ಮಿಠಾಯಿ. ಈ ಸಲ ನಿಮ್ಮ ಬಾಗಿಲಿಗೆ ದೆವ್ವಗಳು ಬಂದರೆ ಬೈದು ಕಳಿಸಬೇಡಿ. ಒಂದು ಒಗಟು ಬಿಡಿಸಿ ಅನ್ನಿ, ಇಲ್ಲವೇ ಕನ್ನಡದಲ್ಲಿ ಒಂದು ಹಾಡು ಹೇಳಿಸಿ. ಕಡಲೆ ಮಿಠಾಯಿ ತಂದಿಟ್ಟಿರಿ, ಚಾಕೊಲೇಟಿಗಿಂತ ಅಗ್ಗ. ನಮಸ್ಕಾರ.