ದುಡ್ಡು ಕೊಟ್ಟ ಆನ್‌ಲೈನ್ ಕೋರ್ಸ್ ಅರ್ಧಕ್ಕೇ ಯಾಕೆ ನಿಲ್ಲುತ್ತದೆ?

ನಮಸ್ಕಾರ. ಸಿಂಧನೂರಿನ ಹುಡುಗನೊಬ್ಬ ಕಾಮೆಂಟ್ ಹಾಕಿದ್ದಾನೆ: "ಅಣ್ಣಾ, ಪಿಡಿಒ ಪರೀಕ್ಷೆಗೆ ರೊಕ್ಕ ಕಟ್ಟಿ ಕೋರ್ಸ್ ತಗೊಂಡೀನ್ರಿ. ಮೂರನೇ ವಿಡಿಯೋ ದಾಟಾಕ ಆಗವಲ್ದು. ನಾ ಸೋಮಾರಿ ಏನು?"

ಖಂಡಿತ ಅಲ್ಲ ತಮ್ಮಾ. ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳಾದ ಎಂಐಟಿ, ಹಾರ್ವರ್ಡ್‌ನ ಆನ್‌ಲೈನ್ ಕೋರ್ಸ್‌ಗಳಲ್ಲೇ 2017-18ರಲ್ಲಿ ಸೇರಿದವರ ಪೈಕಿ ಪೂರ್ತಿ ಮುಗಿಸಿದವರು ನೂರಕ್ಕೆ ಮೂವರು. ಉಳಿದವರೆಲ್ಲ ಸೋಮಾರಿಗಳಾ?

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಬಿ.ಜೆ. ಫಾಗ್ ಪ್ರಕಾರ, ಯಾವುದೇ ಕೆಲಸ ಆಗಬೇಕಾದರೆ ಆಸೆ ಇರಬೇಕು, ಕೆಲಸ ಸುಲಭ ಇರಬೇಕು, ಸರಿಯಾದ ಹೊತ್ತಿಗೆ ನೆನಪಿಸುವುದೊಂದು ಇರಬೇಕು. ಮೂರೂ ಕೂಡಿದರೆ ಕೆಲಸ ಆಗುತ್ತದೆ. ಹಾಗಾದರೆ ಆಸೆಯಿಂದ ಶುರು ಮಾಡಿದವನು ಅರ್ಧಕ್ಕೇ ಬಿಡದಂತೆ ಏನು ಮಾಡಬಹುದು?

ನನಗೆ ಬಹಳ ಇಷ್ಟವಾದ ಪ್ರಯೋಗ ಕಾರ್ ತೊಳೆಯುವ ಅಂಗಡಿಯದು. ನೂನ್ಸ್ ಮತ್ತು ಡ್ರೆಜ್ ಎಂಬ ಇಬ್ಬರು ಸಂಶೋಧಕರು 2006ರಲ್ಲಿ ಪ್ರಕಟಿಸಿದ್ದು. ಗಿರಾಕಿಗಳಿಗೆ 300 ಕಾರ್ಡ್ ಹಂಚಿದರು. ಪ್ರತಿ ಸಲ ಕಾರ್ ತೊಳೆಸಿದಾಗ ಒಂದು ಮುದ್ರೆ, ಕಾರ್ಡ್ ತುಂಬಿದರೆ ಒಂದು ಸಲ ಪುಕ್ಕಟೆ. ಅರ್ಧ ಜನರ ಕಾರ್ಡಿನಲ್ಲಿ 8 ಮನೆ, ಎಲ್ಲ ಖಾಲಿ. ಉಳಿದವರದ್ದರಲ್ಲಿ 10 ಮನೆ, ಆದರೆ ಎರಡಕ್ಕೆ ಆಗಲೇ ಮುದ್ರೆ ಬಿದ್ದಿದೆ. ಲೆಕ್ಕ ಹಾಕಿ, ಇಬ್ಬರೂ ಎಂಟೇ ಸಲ ಬರಬೇಕು ಅಲ್ವಾ? ಖಾಲಿ ಕಾರ್ಡಿನವರಲ್ಲಿ ಮುಗಿಸಿದ್ದು ಶೇ. 19. ಎರಡು ಮುದ್ರೆ ಇದ್ದವರಲ್ಲಿ ಶೇ. 34! ಅವರು ಬೇಗ ಬೇಗ ಬಂದರು ಕೂಡ.

ಈಗ ನಮ್ಮ ಕೋರ್ಸ್ ತೆರೆಯಿರಿ. ಮೊದಲ ಪರದೆಯಲ್ಲೇ "ಮುಗಿದದ್ದು: 0%" ಅಂತ ಇರುತ್ತದೆ, ಕೆಳಗೆ ನೂರಾರು ವಿಡಿಯೋಗಳ ಪಟ್ಟಿ. ಹಗಲೆಲ್ಲ ಗದ್ದೆಯಲ್ಲಿ ದುಡಿದು ರಾತ್ರಿ ಫೋನ್ ಹಿಡಿದವನಿಗೆ ಅಲ್ಲೇ ಎದೆ ಧಸಕ್ ಅನ್ನುತ್ತದೆ. ಕೋರ್ಸ್ ನಡೆಸುವವರೇ, ಅದರ ಬದಲು ಮೊದಲೇ ಶೇಕಡಾವಾರು ಲೆಕ್ಕದ ಐದು ಪ್ರಶ್ನೆ ಕೇಳಿ. ಸರಿ ಮಾಡಿದರೆ ಆ ಪಾಠಕ್ಕೆ ಟಿಕ್ ಹಾಕಿ. ಶಾಲೆಯಲ್ಲಿ ಕಲಿತದ್ದು ಅವನ ಸ್ವಂತ ಗಳಿಕೆ, ಅದು ಲೆಕ್ಕಕ್ಕೆ ಬರಲಿ. ಸುಮ್ನೆ ಮುದ್ರೆ ಒತ್ತಿ ಹುಡುಗರನ್ನು ಉಬ್ಬಿಸುವುದು ಮಾತ್ರ ನನಗೆ ಒಪ್ಪಿಗೆ ಇಲ್ಲ.

ಟೈಮ್ ಕಡಿಮೆ ಇದೆ, ಉಳಿದ ಎರಡು ಮಾತು ಬೇಗ ಹೇಳುತ್ತೇನೆ. ಬಹುಮಾನದ ಆಸೆ ಜಾಸ್ತಿ ಹಚ್ಚಬೇಡಿ. 1973ರ ಪ್ರಯೋಗವೊಂದರಲ್ಲಿ, ಬಹುಮಾನಕ್ಕೆಂದು ಚಿತ್ರ ಬರೆದ ಮಕ್ಕಳು ಆಮೇಲೆ ತಾವಾಗಿ ಬರೆಯುವುದನ್ನೇ ಕಡಿಮೆ ಮಾಡಿದರು. "ಯಾವಾಗ, ಎಲ್ಲಿ ಕೂತು ಓದುತ್ತೀಯ?" ಅಂತ ಬರೆಸುವುದು ಒಳ್ಳೆಯದೇ. ಆದರೆ 2020ರಲ್ಲಿ ಬಂದ, ಸುಮಾರು ಎರಡೂವರೆ ಲಕ್ಷ ಕಲಿಯುವವರ ಅಧ್ಯಯನದಲ್ಲಿ ಅದರ ಬಲ ಕಂಡದ್ದು ಮೊದಲ ಕೆಲವು ವಾರ ಮಾತ್ರ. ಹಾಗಾಗಿ ಒಮ್ಮೆ ಕೇಳಿ ಬಿಡಬೇಡಿ, ಆಗಾಗ ಕೇಳಿ ನೋಡಿ.

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಆನ್‌ಲೈನ್ ಕ್ಲಾಸ್ ನಡೆಸುವ ಮೇಷ್ಟ್ರೇ, ಮೇಡಂ, ನಿಮ್ಮ ಕೋರ್ಸಿನ ಮೊದಲ ಪರದೆಯ ಸ್ಕ್ರೀನ್‌ಶಾಟ್ ಕಳಿಸಿ. ಮುಂದಿನ ವಿಡಿಯೋದಲ್ಲಿ ಒಂದನ್ನು ತಗೊಂಡು ಒಟ್ಟಿಗೆ ಬದಲಾಯಿಸೋಣ.