ಮುಂಜಾನೆ ಕಫ, ಮಧ್ಯಾಹ್ನ ಬಿಸಲು: ನಮ್ಮ ಭಾಗದ ವಸಂತಕ್ಕ ಊಟ ಹೆಂಗಿರಬೇಕು?

[ದೃಶ್ಯ: ನಸುಕಿನಲ್ಲಿ ಉಣಕಲ್ ಕೆರೆ ದಂಡೆ, ಶಾಲು ಹೊದ್ದು ನಡೆಯುತ್ತಿರುವವರು]

ನಮಸ್ಕಾರ್ರಿ. ಹೋಳಿ ಹುಣ್ಣಿವಿ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದಾಗ ಮುಂಜಾನೆ ಇನ್ನೂ ತಂಪು ಗಾಳಿ ಇರ್ತೈತಿ. ಹನ್ನೊಂದು ಹೊಡದ್ರ ಸಾಕು, ನೆತ್ತಿ ಸುಡಾಕ ಹತ್ತತೈತಿ. ಮನಿಮನ್ಯಾಗ ಅದ ಮಾತು: ಮೂಗು ಕಟ್ಟೈತಿ, ಗಂಟಲದಾಗ ಕಫ, ಹಸಿವಿಲ್ಲ, ಮಲಗಿ ಎದ್ದರೂ ಮೈ ಭಾರ. ಬಿಸಲು ಬಂತಂತ ನಾವು ಮೊಸರು, ಫ್ರಿಜ್ ನೀರು ಶುರು ಮಾಡ್ತೀವಿ. ತಪ್ಪು ಆಗೂದು ಅಲ್ಲೇ.

ಅಷ್ಟಾಂಗಹೃದಯ ಅಂತ ಆಯುರ್ವೇದದ ಹಳೇ ಗ್ರಂಥ ಐತಿ. ಅದರ ಋತುಚರ್ಯೆ, ಅಂದ್ರ ಋತುವಿಗೆ ತಕ್ಕ ಊಟ-ನಡವಳಿಕಿ ಹೇಳೂ ಅಧ್ಯಾಯದಾಗ, ಗ್ರಂಥ ಬರದ ವಾಗ್ಭಟರು ಕಾರಣ ಹೇಳ್ಯಾರ. ಚಳಿಗಾಲದಾಗ ಮೈಯಾಗ ಕೂಡಿದ ಕಫ ವಸಂತದ ಬಿಸಲಿಗೆ ಕರಗತೈತಿ, ಕರಗಿ ಜಠರಾಗ್ನಿ, ಅಂದ್ರ ಉಂಡದ್ದು ಅರಗಿಸೂ ಶಕ್ತಿ, ಮಂದ ಮಾಡತೈತಿ. ಹೆಪ್ಪುಗಟ್ಟಿದ ತುಪ್ಪದ ಗಿಂಡಿ ಬಿಸಲಾಗ ಇಟ್ಟಂಗ. ಅದಕ್ಕ ಈಗ ಬೇಕಾದ್ದು ತಂಪು ಊಟ ಅಲ್ಲ, ಹಗುರ ಊಟ. ಜಿಡ್ಡು ಕಡಿಮಿ, ಸಿಹಿ ಕಡಿಮಿ, ಹುಳಿ ಕಡಿಮಿ; ಕಹಿ, ಒಗರು, ಖಾರ ಸ್ವಲ್ಪ ಮುಂದ. ತಂಪು ಊಟದ ಪಾಳಿ ಗ್ರೀಷ್ಮಕ್ಕ.

[ದೃಶ್ಯ: ಜೋಳದ ರಾಶಿ, ಪಕ್ಕದಲ್ಲಿ ಹಳೇ ಜೋಳದ ಚೀಲ]

ಮೊದಲು ಜೋಳ. ಗದಗ, ನವಲಗುಂದ, ರೋಣದ ಎರಿ ಹೊಲದಾಗ ಹಿಂಗಾರಿ ಬಿಳಿಜೋಳ ರಾಶಿ ಆಗೂದು ಈ ದಿನದಾಗ. ಹೊಸ ಜೋಳದ ರೊಟ್ಟಿ ರುಚಿ ಖರೇ. ಆದ್ರ ಹೊಸ ಧಾನ್ಯ ಜಡ, ಕಫ ಹೆಚ್ಚಸತೈತಿ ಅಂತದ ಆಯುರ್ವೇದ. ವಸಂತಕ್ಕ ಒಂದು ವರ್ಷ ಹಳೇ ಧಾನ್ಯ ಬೇಕು. ಹೋದ ವರ್ಷದ ಚೀಲ ಇದ್ರ ಅದನ್ನ ಮೊದಲು ತಗೀರಿ. ನುಸಿ ಹತ್ತಿದ್ರ ಒಮ್ಮೆ ಬಿಸಲಿಗೆ ಹಾಕಿ, ಕೇರಿ, ಗಿರಣಿಗೆ ಕಳಸ್ರಿ.

ಇಲ್ಲೊಂದು ಸೂಕ್ಷ್ಮ ಐತಿ. ಕಾಳು ಹಳೇದಿರಬೇಕು, ಹಿಟ್ಟು ಹಳೇದಿರಬಾರದು. ಬೀಸಿಸಿ ಭಾಳ ದಿನ ಇಟ್ಟ ಹಿಟ್ಟಿನ ಜಿಗಿ ಹೋಗತೈತಿ, ಬಡಿಯೂಮುಂದ ಅಂಚು ಒಡೀತೈತಿ. ಹದಿನೈದು ದಿನಕ್ಕ ಆಗೂವಷ್ಟ ಬೀಸಸ್ರಿ, ಕುದಿ ಎಸರು ಹಾಕಿ ನಾದ್ರಿ. ಹಳೇ ಜೋಳ ಸಿಗದಿದ್ರ ರಾತ್ರಿ ಒಂದು ರೊಟ್ಟಿ ಕಡಿಮಿ ತಿನ್ರಿ, ಇಲ್ಲಾ ಜೋಳದ ಅಳ್ಳು ಹುರದು ಒಂದು ಬಟ್ಟಲ ತಿನ್ರಿ. ಹುರದ ಧಾನ್ಯ ಹಗುರ. ಸಜ್ಜಿ ರೊಟ್ಟಿ, ಎಳ್ಳಿನ ಹಿಂಡಿ ಸಂಕ್ರಮಣದ ಚಳಿಗೆ ಚಂದ, ಈಗ ಸಾಕು.

ಮೊಸರಿನ ಮಾತು ಹೇಳಿದ್ರ ನಮ್ಮ ಮಂದಿಗೆ ಸಿಟ್ಟು ಬರತೈತಿ. ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇಲ್ಲದ ತಾಟ ನಾವು ಊಟ ಅನ್ನೂದಿಲ್ಲ. ಆದ್ರ ಶರದ್, ಗ್ರೀಷ್ಮ, ವಸಂತ ಈ ಮೂರೂ ಋತುವಿಗೆ ಮೊಸರು ಬಹುಮಟ್ಟಿಗೆ ಬ್ಯಾಡ ಅಂತ ಚರಕ ಸಂಹಿತೆ ಸ್ಪಷ್ಟ ಹೇಳೈತಿ, ರಾತ್ರಿ ಅಂತೂ ಯಾವಾಗಲೂ ಬ್ಯಾಡ. ಮಜ್ಜಿಗಿ ಬ್ಯಾರೆ. ಒಂದು ಬಟ್ಟಲ ಮೊಸರಿಗೆ ಮೂರು ಬಟ್ಟಲ ನೀರು ಹಾಕಿ ಕಡದು, ಬೆಣ್ಣಿ ತಗದು, ಕಾಲು ಚಮಚ ಜೀರಗಿ ಪುಡಿ, ಚಿಟಿಕಿ ಒಣಶುಂಠಿ ಹಾಕಿ ಮಧ್ಯಾಹ್ನ ಊಟದ ಜೋಡಿ ಕುಡೀರಿ. ಮೊಸರಿಗೆ ನೀರು ಬೆರಸಿ ಅಲುಗಾಡಿಸಿದ್ರ ಮಜ್ಜಿಗಿ ಆಗೂದಿಲ್ಲ. ಕಡೀಬೇಕು, ಬೆಣ್ಣಿ ಬರಬೇಕು. ಹುಳಿ ಬಂದದ್ದು ಬ್ಯಾಡ.

[ದೃಶ್ಯ: ಹುರಳಿ ಕಟ್ಟು ಬಸಿಯುವುದು]

ಕಫಕ್ಕ ನಮ್ಮ ಅಡಗಿ ಮನ್ಯಾಗ ಇರೂ ಭಾಳ ಚಲೋ ಪದಾರ್ಥ ಹುರಳಿ. ನೂರು ಗ್ರಾಂ ಹುರಳಿ ರಾತ್ರಿ ನೆನಸ್ರಿ. ಮುಂಜಾನೆ ಆ ನೀರು ಚೆಲ್ಲಿ, ಒಂದೂವರೆ ಲೀಟರ ಹೊಸ ನೀರು ಹಾಕಿ ಕಾಳು ಪೂರ್ತಿ ಮೆತ್ತಗ ಆಗೂತನಕ ಬೇಯಿಸ್ರಿ. ಕಟ್ಟು ಬಸದು, ಅದಕ್ಕ ಜಜ್ಜಿದ ಬಳ್ಳೊಳ್ಳಿ ಐದಾರು ಎಸಳು, ಅರ್ಧ ಚಮಚ ಮೆಣಸು-ಜೀರಗಿ ಪುಡಿ, ಕರಿಬೇವು, ಒಂದು ಬ್ಯಾಡಗಿ ಮೆಣಸಿನಕಾಯಿ ಹಾಕಿ, ಒಂದ ಚಮಚ ಎಣ್ಣಿ ಒಗ್ಗರಣಿ ಕೊಡ್ರಿ. ಹುಣಸಿಹಣ್ಣು ನೆಲ್ಲಿಕಾಯಷ್ಟ ಸಾಕು. ವಾರಕ್ಕ ಎರಡು ಮೂರು ದಿನ. ಹುರಳಿ ಉಷ್ಣ, ಪಿತ್ತ ಕೆಣಕತೈತಿ. ಎದಿ ಉರಿ, ಮೂಲವ್ಯಾಧಿ ರಕ್ತ, ಮೂಗಿನಿಂದ ರಕ್ತ ಇದ್ದವರು ಇದನ್ನ ಬಿಟ್ಟು ಹೆಸರುಕಾಳಿನ ಕಟ್ಟು ಮಾಡ್ಕೋರಿ. ಪಲ್ಯಕ್ಕ ಮೆಂತ್ಯ, ಹೀರಿಕಾಯಿ, ಹಾಗಲಕಾಯಿ. ಎಣ್ಣಿ ತೇಲೂ ಬದನಿ ಎಣಗಾಯಿ ವಾರಕ್ಕೊಮ್ಮೆ.

ನೀರು ಎರಡು ನಮೂನಿ. ಒಂದು ಶುಂಠಿ ನೀರು: ಲೀಟರ ನೀರಿಗೆ ಬೆರಳಿನ ಗೆಣ್ಣಿನಷ್ಟು ಹಸಿಶುಂಠಿ ಜಜ್ಜಿ, ಮುಕ್ಕಾಲು ಲೀಟರ ಉಳಿಯೂಹಂಗ ಕುದಿಸಿ, ಉಗುರುಬೆಚ್ಚಗ ಗುಟುಕು ಗುಟುಕು ಕುಡೀರಿ. ಇನ್ನೊಂದು ಮುಸ್ತಾ ನೀರು. ಮುಸ್ತಾ ಅಂದ್ರ ಕೊನ್ನಾರಿ ಗಡ್ಡಿ, ಹೊಲದಾಗ ರೈತರು ಬೈದು ಕಿತ್ತೊಗಿಯೂ ಜೇಕಿನ ಗಡ್ಡಿ. ಹತ್ತು ಗ್ರಾಂ ಒಣಗಡ್ಡಿ ತರಿ ಕುಟ್ಟಿ, ಆರುನೂರೈವತ್ತು ಮಿಲಿ ನೀರಿನ್ಯಾಗ ಅರ್ಧ ಆಗೂತನಕ ಕುದಿಸಿ ಸೋಸ್ರಿ. ಕಳೆನಾಶಕ ಹೊಡದ ಹೊಲದ ಗಡ್ಡಿ ಮಾತ್ರ ತರಬ್ಯಾಡ್ರಿ. ಕಪ್ಪತಗುಡ್ಡಕ್ಕ ಹೋಗಿ ಗಿಡಮೂಲಿಕಿ ಕೀಳೂದೂ ಬ್ಯಾಡ, 2019ರಿಂದ ಅದು ವನ್ಯಜೀವಿಧಾಮ. ಆಯುರ್ವೇದ ಔಷಧ ಅಂಗಡ್ಯಾಗ ಸಿಗತೈತಿ. ಜೇನು ಹಾಕೂದಿದ್ರ ನೀರು ಪೂರ್ತಿ ಆರಿದ ಮ್ಯಾಲ, ಒಂದು ಚಮಚ. ಜೇನು ಕಾಯಿಸಬಾರದು. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಸೂದ ಬ್ಯಾಡ.

[ದೃಶ್ಯ: ಹುರಳಿ ಹಿಟ್ಟು ಬಟ್ಟೆಯಲ್ಲಿ ಸೋಸುವುದು]

ಊಟದ ಜೋಡಿ ಕಫಕ್ಕ ಇನ್ನೊಂದು ಉಪಾಯ ಐತಿ: ಜಳಕಕ್ಕ ಮುಂಚೆ ಮೈಗೆ ಒಣಪುಡಿ ತಿಕ್ಕೂದು, ಅದಕ್ಕ ಉದ್ವರ್ತನ ಅಂತಾರ. ಹುರಳಿ ಹಿಟ್ಟು ಮೂರು ಪಾಲು, ತ್ರಿಫಲಾ ಚೂರ್ಣ ಒಂದು ಪಾಲು. ತೆಳು ಬಟ್ಟಿಯಾಗ ಸೋಸಿದ್ದ ಇರಬೇಕು, ತರಿ ಉಳದ್ರ ಚರ್ಮ ಗೀಚತೈತಿ. ಕಾಲಿಂದ ತೊಡಿಗೆ, ಕೈಯಿಂದ ಭುಜಕ್ಕ, ಕೆಳಗಿಂದ ಮ್ಯಾಲ, ಹತ್ತು ನಿಮಿಷ. ಮುಖಕ್ಕ ಬ್ಯಾಡ, ಗಾಯ-ತುರಿ ಇದ್ದಲ್ಲಿ ಬ್ಯಾಡ. ಮೈ ಭಾಳ ಒಣಗಿದ್ದವರು ಮೊದಲು ಸ್ವಲ್ಪ ಎಳ್ಳೆಣ್ಣಿ ಹಚ್ಚಿ ಆಮ್ಯಾಲ ತಿಕ್ಕೋರಿ.

ನಡಿಗಿ, ದಂಡ-ಬೈಠಕ್ ಯಾವುದಾದರೂ ಸರಿ, ಅರ್ಧಶಕ್ತಿ ಮಾತ್ರ. ಹಣಿ ಮ್ಯಾಲ ಬೆವರು ಒಡದು, ಬಾಯಿಲೆ ಉಸಿರು ಬರಾಕ ಹತ್ತಿದ್ರ ನಿಲ್ಲಸ್ರಿ. ಮಧ್ಯಾಹ್ನ ಊಟ ಆದ ಕೂಡಲೆ ಹಾಸಿಗಿಗೆ ಬೀಳಬ್ಯಾಡ್ರಿ, ಈ ಋತುವಿನ ಹಗಲನಿದ್ದಿ ಕಫದ ಗೆಳೆಯ. ವಯಸ್ಸಾದವರು, ಜಡ್ಡು ಇದ್ದವರು ಕುಂತಲ್ಲೇ ಒರಗಿ ಹದಿನೈದು ನಿಮಿಷ ಕಣ್ಣು ಮುಚ್ಚಲಿ. ವಮನ, ಅಂದ್ರ ಔಷಧ ಕೊಟ್ಟು ವಾಂತಿ ಮಾಡಿಸೂದು, ವಸಂತದ ಚಿಕಿತ್ಸಾ ಖರೇ, ಆದ್ರ ವೈದ್ಯರ ಎದುರು ಮಾತ್ರ. ಮನ್ಯಾಗ ಉಪ್ಪು ನೀರು ಕುಡದು ವಾಂತಿ ಮಾಡೂದು ಅಪಾಯ.

ಯುಗಾದಿಗೆ ನಮ್ಮ ಕಡೆ ಬೇವು ತಿನ್ನೂದಿಲ್ಲ, ಕುಡೀತೀವಿ. ಲೀಟರ ನೀರಿಗೆ ನೂರು ಗ್ರಾಂ ಬೆಲ್ಲ, ಲಿಂಬಿಕಾಯಷ್ಟು ಹುಣಸಿ, ನಾಲ್ಕು ಚಮಚ ಪುಟಾಣಿ ಹಿಟ್ಟು, ಎರಡು ಚಮಚ ಬೇವಿನ ಹೂ. ಮಕ್ಕಳು ಕುಡೀಲಿ ಅಂತ ಬೆಲ್ಲ ದುಪ್ಪಟ್ಟು ಮಾಡಿ ಹೂ ಚಿಟಿಕಿಗೆ ಇಳಿಸಿದ್ರ ಉಳಿಯೂದು ಪಾನಕ ಅಷ್ಟ. ಹಂಗಂತ ದಿನಾ ಬೇವಿನೆಲಿ ರಸ ಲೋಟಗಟ್ಟಲೆ ಬ್ಯಾಡ. ಬಸುರಿಯರು ಬಿಡಬೇಕು, ಸಕ್ಕರಿ ಕಾಯಿಲೆ ಗುಳಿಗಿ ತಗೊಳ್ಳೋರು ವೈದ್ಯರನ್ನ ಕೇಳಬೇಕು. ದಮ್ಮು ಇದ್ದವರು ಈ ಊಟ ನಂಬಿ ಇನ್‌ಹೇಲರ್ ನಿಲ್ಲಿಸಬ್ಯಾಡ್ರಿ. ರಾಶಿ ಧೂಳು, ಮೆಣಸಿನಕಾಯಿ ಘಾಟು ಇರೂ ಕಾಲ ಇದು. ಉಸಿರಾಟ ಬಿಗಿದ್ರ ಆಗಿಂದಾಗ ದವಾಖಾನಿಗೆ ಹೋಗ್ರಿ, ಜ್ವರ ಮೂರು ದಿನ ಬಿಡದಿದ್ರೂ ತೋರಿಸ್ರಿ.

[ದೃಶ್ಯ: ಬಿಸಿಲಿನ ಹೊಲ, ಮಣ್ಣಿನ ಗಡಿಗೆ]

ನಮ್ಮ ಭಾಗದಾಗ ವಸಂತ ಭಾಳ ದಿನ ಇರೂದಿಲ್ಲ. ಪುಸ್ತಕದಾಗ ಚೈತ್ರ, ವೈಶಾಖ ಅಂತ ಐತಿ, ಆದ್ರ ಏಪ್ರಿಲ್ ನಡುವ ಹಾವೇರಿ, ಗದಗದಾಗ ಬಿಸಲು ಗ್ರೀಷ್ಮದ್ದ. ಕ್ಯಾಲೆಂಡರ್ ಬಿಟ್ಟು ಮೈ ನೋಡ್ರಿ. ಮುಂಜಾನೆ ಕಫ ನಿಂತು, ಬಾಯಿ ಒಣಗಾಕ ಹತ್ತಿ, ಉರಿಮೂತ್ರ ಶುರು ಆದ್ರ ಒಣ-ಖಾರದ ಊಟ ಮುಗೀತು. ಹೊಲದಾಗ ದುಡಿಯೋರಿಗೆ ಇದು ಮೊದಲ ಬರತೈತಿ. ಒಮ್ಮೆಲೆ ಬದಲಿ ಮಾಡಬ್ಯಾಡ್ರಿ. ಹಳೇ ಋತುವಿನ ಕಡೇ ಏಳು ದಿನ, ಹೊಸದರ ಮೊದಲ ಏಳು ದಿನ, ಈ ಹದಿನಾಲ್ಕು ದಿನಕ್ಕ ಋತುಸಂಧಿ ಅಂತಾರ. ಅದರೊಳಗ ಮೊದಲು ಹುರಳಿ ಬಿಡ್ರಿ, ಮೂರ್ನಾಕು ದಿನಕ್ಕ ಶುಂಠಿ ನೀರು ಬಿಟ್ಟು ಗಡಿಗಿ ನೀರು ಹಿಡೀರಿ, ಆಮ್ಯಾಲ ಪುಡಿ ತಿಕ್ಕೂದು ನಿಲ್ಲಸ್ರಿ. ಕಡೀಕ ಅಂಬಲಿ: ಎರಡು ಚಮಚ ಜೋಳದ ಹಿಟ್ಟು ತಣ್ಣೀರಾಗ ಕದಡಿ, ಮೂರು ಬಟ್ಟಲ ಕುದಿ ನೀರಿಗೆ ಸುರದು, ಗಂಟು ಬರದಂಗ ತಿರುವಿ ಹತ್ತು ನಿಮಿಷ ಬೇಯಿಸಿ, ಪೂರ್ತಿ ಆರಿದ ಮ್ಯಾಲ ಮಜ್ಜಿಗಿ ಬೆರಸ್ರಿ. ಬಿಸಿ ಇರೂಮುಂದ ಬೆರಸಿದ್ರ ಮಜ್ಜಿಗಿ ಒಡೀತೈತಿ.